ಹೊಸ ಪದಾರ್ಥ, ಹಳೆಯ ವ್ರತ

ಕ್ರಿ.ಶ. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನು ಈಗಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭು. ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’ಗಳನ್ನು ರಚಿಸಿದ ಜೈನ ಕವಿ. ಪಾಕಕಲೆಯನ್ನು ಕುರಿತ ‘ಸೂಪಶಾಸ್ತ್ರ’ವೂ ಆತನದೇ. ಆತನ ಕಾಲದ ಅಡಿಗೆಮನೆಯಲ್ಲಿ ಖಾರಕ್ಕೆ ಕರಿಮೆಣಸಿತ್ತೇ ಹೊರತು ಮೆಣಸಿನಕಾಯಿ ಇರಲಿಲ್ಲ. ಆಲೂಗೆಡ್ಡೆ, ಹೊಗೆಸೊಪ್ಪುಗಳೂ ಇರಲಿಲ್ಲ. ಅಮೆರಿಕ ಖಂಡದ ಈ ಬೆಳೆಗಳು 1492ರ ನಂತರ ಯೂರೋಪನ್ನು ಸೇರಿ, ಅಲ್ಲಿನ ವರ್ತಕರ ಹಡಗುಗಳಲ್ಲಿ ಒಂದೊಂದಾಗಿ ಭಾರತಕ್ಕೆ ಬಂದವು. 1604ರ ಸುಮಾರಿಗೆ ಅಸದ್ ಬೇಗನು ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ಹೊಗೆಸೊಪ್ಪನ್ನು ಒಯ್ದಾಗ ಅಲ್ಲಿ ಅದು ಹೊಸ ವಸ್ತು. ಆಲೂಗೆಡ್ಡೆ ಹೊಲಹೊಲಕ್ಕೆ ಹರಡಿದ್ದು ಬ್ರಿಟಿಷರ ಕಾಲದಲ್ಲಿ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಂಗರಸನು ಆಲೂಗೆಡ್ಡೆಯನ್ನು ತಿನ್ನಲಿಲ್ಲ. ಹಾಗೆಂದು ಅದನ್ನು ತ್ಯಜಿಸಿದ ಪುಣ್ಯ ಆತನಿಗೆ ಸಲ್ಲುವುದೇ? ಸಲ್ಲದು. ಸೇವಿಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರತನಾಗುವುದೇ ವ್ರತವೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನಿರ್ಣಯಿಸಿದ್ದಾರೆ. ಇಲ್ಲದ್ದನ್ನು ಉಣ್ಣದಿರುವುದು ಅಭಾವ. ಇರುವುದನ್ನು ಅರಿತು ಬಿಡುವುದು ವ್ರತ.

ಇನ್ನು, ಶಾಸ್ತ್ರದಲ್ಲಿ ಹೆಸರಿಲ್ಲದ ವಸ್ತು ನಿರ್ದೋಷವೇ? ಆಚಾರ್ಯರು ಮೂಲಂಗಿ, ಹಸಿಶುಂಠಿಗಳನ್ನು ಹೆಸರಿಸಿದರು. ಫಲ ಅಲ್ಪ, ಜೀವಘಾತ ಬಹಳ ಎಂಬ ಕಾರಣವನ್ನೂ ಜೊತೆಯಲ್ಲಿಯೇ ಹೇಳಿದರು. ಹೆಸರು ಆ ಕಾಲದ್ದು, ಕಾರಣ ಎಲ್ಲ ಕಾಲದ್ದು. ಆ ಕಾರಣದಿಂದಲೇ ಅನಂತಕಾಯವಾದ ಆಲೂಗೆಡ್ಡೆ ವರ್ಜ್ಯವಾಯಿತು. ಅದೇ ಖಂಡದಿಂದ ಬಂದ ಮೆಣಸಿನಕಾಯಿ ಶ್ರಾವಕರ ಸಾರಿಗೆ ಸಂದಿತು. ಪರದೇಶದ್ದೆಂಬುದು ದೋಷವೂ ಅಲ್ಲ, ಗುಣವೂ ಅಲ್ಲ.

ಹೊಗೆಸೊಪ್ಪಿನ ವಿಚಾರ ಇನ್ನೂ ಕಠಿಣ. ಅನಿಷ್ಟವಾದುದನ್ನು ಬಿಡಬೇಕೆಂದು ಅದೇ ಗ್ರಂಥ ವಿಧಿಸುವುದರಿಂದ ಸೇದುವ, ಅಗಿಯುವ ಬಗೆಗೆ ಸಂಶಯವಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ವರ್ಜೀನಿಯಾ ಹೊಗೆಸೊಪ್ಪು ಅನೇಕ ಮನೆಗಳ ಜೀವನೋಪಾಯ. ಮಳೆಯನ್ನು ನಂಬಿದ ಹೊಲಕ್ಕೆ ಅದು ಹಣ ತರುವ ಬೆಳೆ. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜೂ ಆರಂಭವಾಯಿತು. ಎಲೆ ಬೇಯಿಸುವ ಬ್ಯಾರನ್ನಿನಲ್ಲಿ ದಿನಗಟ್ಟಲೆ ಸೌದೆ ಉರಿಯುತ್ತದೆ. ತಾನು ಮುಟ್ಟದೆ ಪರರಿಗಾಗಿ ಬೆಳೆಯುವವನ ತ್ಯಾಗ ಪೂರ್ಣವೇ? ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಅದನ್ನು ಪೂರ್ಣವೆನ್ನಲಾಗದು.

ಹಾಗೆಂದು ಸಾಲದ ಹೊರೆ ಹೊತ್ತ ಗೃಹಸ್ಥನನ್ನು ಹಳಿಯುವುದೂ ಧರ್ಮವಲ್ಲ. ಅಣುವ್ರತಿಯ ಹಾದಿ ಪರಿಮಾಣದ ಹಾದಿ. ಈ ವರ್ಷ ಇಷ್ಟೇ ನೆಲಕ್ಕೆ, ಬರುವ ವರ್ಷ ಇನ್ನೂ ಕಡಿಮೆ ನೆಲಕ್ಕೆ ಎಂದು ಎಲ್ಲೆ ಕಟ್ಟಿಕೊಂಡು, ಉಳಿದ ಹೊಲದಲ್ಲಿ ರಾಗಿ, ಅವರೆ, ಹುರುಳಿಗಳನ್ನು ಬಿತ್ತಬಹುದು. ಅಷ್ಟಮಿ, ಚತುರ್ದಶಿಗಳಂದು ಉಪವಾಸ ಹಿಡಿಯುವ ಮನೆ, ತನ್ನ ಸಂಪಾದನೆಗೂ ಅಂತಹ ಮಿತಿಯೊಂದನ್ನು ವಿಧಿಸಿಕೊಂಡರೆ ಆ ಉಪವಾಸಕ್ಕೆ ಅರ್ಥ ಹೆಚ್ಚುತ್ತದೆ.