ಇದನ್ನೂ ಉಣ್ಣುವವರಿದ್ದಾರೆ

ಕೋಟ್ಯಂತರ ವರ್ಷಗಳಿಂದ ಎಲೆ ಉದುರುತ್ತಿದೆ, ಮರ ಬೀಳುತ್ತಿದೆ, ಹುಳ ಸಾಯುತ್ತಿದೆ. ಆದರೂ ನಮಗೆ ಕಾಲಿಡಲು ಜಾಗ ಉಳಿದಿದೆ. ಕಲ್ಲಿದ್ದಲಿನಂಥ ಕೆಲವನ್ನು ಬಿಟ್ಟರೆ ಜೀವಿಗಳು ಮಾಡಿದ್ದು ಯಾವುದೂ ಗುಡ್ಡೆ ಬಿದ್ದಿಲ್ಲ. ಗುಡ್ಡೆ ಬಿದ್ದಿಲ್ಲ ಎಂದ ಮೇಲೆ ಅದನ್ನು ಯಾರೋ ಉಣ್ಣುತ್ತಿದ್ದಾರೆ ಎಂದಾಯಿತು. ಇಷ್ಟು ಸರಳವಾದ ತರ್ಕವನ್ನು ನೆಚ್ಚಿಕೊಂಡು ಒಬ್ಬ ಯುವಕ ನ್ಯುಮೋನಿಯಾಕ್ಕೆ ಮದ್ದು ಹುಡುಕಲು ಮಣ್ಣಿಗೆ ಕೈಹಾಕಿದ. ಅದನ್ನು ನೆನೆದಾಗಲೆಲ್ಲ ನನಗೆ ಬೆರಗು.

ಅವನು ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದ ರೆನೆ ಡ್ಯುಬೊ. ಮರ, ಎಲೆಗಳ ಸೆಲ್ಯುಲೋಸನ್ನು ಮಣ್ಣಿನ ಸೂಕ್ಷ್ಮಜೀವಿಗಳು ಹೇಗೆ ಕೊಳೆಸುತ್ತವೆ ಎಂಬುದರ ಮೇಲೆ ಸೆಲ್ಮನ್ ವಾಕ್ಸ್‌ಮನ್ ಬಳಿ ಡಾಕ್ಟರೇಟ್ ಮಾಡಿದ್ದ. 1927ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಬೇರೆ ಯಾರನ್ನೋ ಕಾಣಲು ಹೋದಾಗ ಮಧ್ಯಾಹ್ನದ ಊಟಕ್ಕೆ ಪಕ್ಕದಲ್ಲಿ ಕೂತವರು ಓಸ್ವಾಲ್ಡ್ ಏವರಿ. ಏವರಿಗೆ ಹಗಲಿರುಳೂ ಒಂದೇ ಗುಂಗು: ನ್ಯುಮೋನಿಯಾ ತರುವ ನ್ಯುಮೊಕಾಕಸ್, ಅದರ ಮೈಮೇಲಿನ ಲೋಳೆ.

ಈ ಬ್ಯಾಕ್ಟೀರಿಯಾದ ಮೂರನೆಯ ಬಗೆಯನ್ನು ತಟ್ಟೆಯಲ್ಲಿ ಬೆಳೆಸಿದರೆ ಬೆಂಡೆಕಾಯಿ ಹೆಚ್ಚಿದ ಕೈಯಂತೆ ಒದ್ದೆಯಾಗಿ ಮಿರಮಿರ ಮಿಂಚುವ ದಪ್ಪ ಚುಕ್ಕೆಗಳು ಏಳುತ್ತವೆ. ಆ ಮಿಂಚೇ ಮೃತ್ಯು. ಲೋಳೆ ಹೊದ್ದ ಕಣವನ್ನು ನಮ್ಮ ಬಿಳಿ ರಕ್ತಕಣ ಹಿಡಿಯಲು ಹೋದರೆ ಹಿಡಿತಕ್ಕೇ ಸಿಗುವುದಿಲ್ಲ. ಲೋಳೆ ಕಳೆದುಕೊಂಡ ತಳಿಯಾದರೋ ಒರಟು ಚುಕ್ಕೆಯಾಗಿ ಬೆಳೆಯುತ್ತದೆ, ಇಲಿಗೂ ಏನೂ ಮಾಡಲಾರದು. ಆ ಲೋಳೆ ಸಕ್ಕರೆಗಳ ಉದ್ದನೆಯ ಸರಪಳಿ, ಅಂದರೆ ಪಾಲಿಸ್ಯಾಕರೈಡ್, ಎಂದು ಏವರಿ ಮತ್ತು ಮೈಕೆಲ್ ಹೈಡೆಲ್‌ಬರ್ಗರ್ 1923ರಲ್ಲೇ ತೋರಿಸಿದ್ದರು. ಮೂರನೆಯ ಬಗೆಯ ಲೋಳೆಯಲ್ಲಿ ಒಂದು ಗ್ಲೂಕೋಸ್, ಒಂದು ಗ್ಲುಕುರಾನಿಕ್ ಆಮ್ಲ, ಮತ್ತೆ ಗ್ಲೂಕೋಸ್, ಹೀಗೇ ಸಾಲು. ಇಷ್ಟೇ ಸಾಮಾನಿನಿಂದ ಎಂಥ ಕೋಟೆ!

ಇದನ್ನು ಉಣ್ಣುವ ಜೀವಿ ಮಣ್ಣಿನಲ್ಲಿ ಇದ್ದೇ ಇರಬೇಕು ಎಂದ ಡ್ಯುಬೊ. ಬೇರೆ ಬೇರೆ ಕಡೆಯ ಮಣ್ಣು ತಂದು, ಲವಣದ ನೀರಿಗೆ ಹಾಕಿ, ಆಹಾರವೆಂದು ಆ ಲೋಳೆಯ ಸಕ್ಕರೆಯನ್ನು ಮಾತ್ರ ಕೊಟ್ಟ. ಉಣ್ಣಬಲ್ಲವರು ಉಳಿಯಲಿ, ಉಳಿದವರು ಹಸಿದು ಸಾಯಲಿ. ಕಡೆಗೆ ನ್ಯೂಜೆರ್ಸಿಯ ಕ್ರ್ಯಾನ್‌ಬೆರಿ ಬೆಳೆಯುವ ಜೌಗಿನ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದು ಹೊರಬಿಡುವ ಕಿಣ್ವ ಲೋಳೆಯನ್ನು ತುಂಡು ತುಂಡು ಮಾಡುತ್ತಿತ್ತು. 1930ರಲ್ಲಿ ಸುದ್ದಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತಮಾಷೆಯೆಂದರೆ, ಜೌಗಿನಲ್ಲಿ ಕೊಳೆಯುವ ಕೆಲಸವೇ ನಿಧಾನ. ಬೇರೆ ಕಡೆಯ ಮಣ್ಣು ಕೊಡದೆ ಇದ್ದುದನ್ನು ಆ ಹುಳಿನೀರಿನ ಕೆಸರು ಕೊಟ್ಟಿತು.

ಕಿಣ್ವ ನ್ಯುಮೊಕಾಕಸನ್ನು ಕೊಲ್ಲಲಿಲ್ಲ. ಹೊದಿಕೆ ಕಿತ್ತುಕೊಂಡಿತು, ಅಷ್ಟೆ. ಬೆತ್ತಲೆಯಾದ ಶತ್ರುವನ್ನು ಮುಗಿಸುವ ಕೆಲಸ ಇಲಿಯ ಬಿಳಿ ರಕ್ತಕಣಗಳದ್ದು. ಅವು ಮುಗಿಸಿದವು, ಇಲಿಗಳು ಬದುಕಿದವು. ಒಂದನೆಯ, ಎರಡನೆಯ ಬಗೆಯ ಲೋಳೆಯನ್ನು ಮಾತ್ರ ಈ ಕಿಣ್ವ ಮೂಸಿಯೂ ನೋಡಲಿಲ್ಲ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಅದೇ ಜೀವಿಗೆ ಮಾಮೂಲಿ ಪುಷ್ಟಿಕರ ಆಹಾರ ಕೊಟ್ಟರೆ ಸೊಂಪಾಗಿ ಬೆಳೆಯುತ್ತದೆ, ಕಿಣ್ವ ಮಾತ್ರ ತಯಾರಿಸುವುದಿಲ್ಲ. ಲೋಳೆ ಬಿಟ್ಟು ಬೇರೆ ಗತಿಯಿಲ್ಲ ಎಂದಾದಾಗಲೇ ಆ ವಿದ್ಯೆ ಹೊರಬೀಳುತ್ತದೆ. ಮನುಷ್ಯರ ಗಂಟಲಿನಲ್ಲಿ ಮನೆ ಮಾಡುವ ಬ್ಯಾಕ್ಟೀರಿಯಾದ ಹೊದಿಕೆಗೂ ಜೌಗಿನ ಈ ಜೀವಿಗೂ ಏನು ಸಂಬಂಧ? ಆ ಲೋಳೆಯ ಸಕ್ಕರೆಗಳ ನಡುವಿನ ಒಂದು ಕೊಂಡಿ ಸೆಲ್ಯುಲೋಸಿನ ಕೊಂಡಿಯಂಥದ್ದೇ. ಗಿಡಗಳ ಕೊಳೆಯನ್ನು ಅರಗಿಸಿಕೊಳ್ಳಲು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂದಿರಬಹುದು. ಇದು ನನ್ನ ಊಹೆ. ಸೆಲ್ಯುಲೋಸಿನಿಂದ ಶುರುಮಾಡಿದ ಮನುಷ್ಯನೇ ಅದನ್ನು ಹುಡುಕಿದ್ದು ನನಗೆ ಬರೀ ಆಕಸ್ಮಿಕವೆಂದು ಅನ್ನಿಸುವುದಿಲ್ಲ.

ಕಿಣ್ವ ಮದ್ದಾಗಿ ಆಸ್ಪತ್ರೆ ಮುಟ್ಟಲಿಲ್ಲ. ಅಷ್ಟರಲ್ಲಿ ಸಲ್ಫಾ ಔಷಧಿಗಳು ಬಂದವು, ಹಿಂದೆಯೇ ಪೆನಿಸಿಲಿನ್. ಆದರೆ ಏವರಿಯ ಪ್ರಯೋಗಾಲಯ ಅದನ್ನು ಮರೆಯಲಿಲ್ಲ. ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ದಾಟಿಸುವ ವಸ್ತು ಯಾವುದು ಎಂದು ಏವರಿ ಮತ್ತು ಅವರ ಸಹೋದ್ಯೋಗಿಗಳಾದ ಮೆಕ್ಲಿಯಾಡ್, ಮೆಕಾರ್ಟಿ ಹುಡುಕುತ್ತಿದ್ದಾಗ ಲೋಳೆಯ ಸಕ್ಕರೆಯನ್ನು ತೊಲಗಿಸಲು ಇದೇ ಕಿಣ್ವ ಬೇಕಾಯಿತು. ಲೋಳೆ ಹೋಯಿತು, ಗುಣ ದಾಟಿಸುವ ಶಕ್ತಿ ಹಾಗೇ ಉಳಿಯಿತು. ಆ ಶಕ್ತಿ ಡಿಎನ್ಎಯದು ಎಂದು 1944ರಲ್ಲಿ ಅವರು ಪ್ರಕಟಿಸಿದರು.

ಮೂರನೆಯ ಬಗೆ ಇವತ್ತಿಗೂ ತಂಟೆಕೋರನೇ. 13 ಬಗೆಗಳ ವಿರುದ್ಧದ ಲಸಿಕೆಯಲ್ಲಿ ಅದರ ಸಕ್ಕರೆಯೂ ಇದೆ, ಆದರೂ ಉಳಿದವುಗಳ ಮಟ್ಟಿಗೆ ಅದು ಬಗ್ಗಿಲ್ಲ. ಲೋಳೆಯನ್ನು ಧಾರಾಳವಾಗಿ ಸುತ್ತ ಚೆಲ್ಲಿ ಪ್ರತಿಕಾಯಗಳನ್ನು ಅದರಲ್ಲೇ ಸಿಕ್ಕಿಸಿ ತಾನು ಪಾರಾಗುತ್ತದೆ. ಹಾಗಾಗಿ ಈಗ ಮತ್ತೆ ಕೆಲವರು ಅಂಥ ಕಿಣ್ವದ ಬೆನ್ನು ಹತ್ತಿದ್ದಾರೆ. ಅದನ್ನು ರೂಪಿಸುವ ಜೀನ್ ಗುರುತಾಗಿದೆ, ಇಲಿಗಳ ಮೇಲೆ ಪ್ರಯೋಗವೂ ಹೊಸದಾಗಿ ನಡೆದಿದೆ.