ಕೇಳುವವರು ಯಾರು?

ಎಂ.ಎ. ಮುಗಿಸಿ ಧರ್ಮ, ಅಸ್ಮಿತೆ, ಸಮಾಜ ಎಂದು ಸಂಶೋಧನೆಗೆ ಹೊರಡುವವರಿಗೆ ಭಟ್ಕಳ ಸಲೀಸಾಗಿ ಸಿಗುವ ಊರು. 1993ರ ಗಲಭೆ ಬೇಕಾದವರಿಗೆ ಗಲಭೆ, ಸೌಹಾರ್ದ ಬೇಕಾದವರಿಗೆ ಸೌಹಾರ್ದ. ಉತ್ತರ ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತುವವರು ಹೆಚ್ಚು. ನೀವು ಯಾರು ಎಂದು ಜನರನ್ನು ಕೇಳುವ ಈ ವಿದ್ಯೆ, ಕೇಳುವ ತಾನು ಯಾರೆಂಬುದನ್ನು ಬರೆಯದಿದ್ದರೆ ಅರ್ಧ ವಿದ್ಯೆ ಎಂಬುದು ನನ್ನ ವಾದ.

ಮಾವಿನಕುರ್ವೆ ಬಂದರಿಗೆ ಹರಾಜಿನ ಹೊತ್ತಿಗೆ ಹೋಗಿ ನೋಡಿ. ಬಂಗುಡೆ ಬುಟ್ಟಿ ಇಳಿಯುತ್ತಿದ್ದಂತೆ ಜನ ಕೇಳುವುದು ಯಾರ ಬೋಟು, ಎಷ್ಟಕ್ಕೆ ಹೋಯಿತು ಎಂದಷ್ಟೇ. ಮೊಗೇರ, ಖಾರ್ವಿ, ನಾಮಧಾರಿ, ನವಾಯತ ಎಲ್ಲರೂ ಆ ಗಳಿಗೆಯಲ್ಲಿ ಮಾರುವವರು, ಕೊಳ್ಳುವವರು, ಐಸು ಹಾಕುವವರು. ಹಾಗೆಂದು ಜಾತಿ, ಧರ್ಮ ಅಲ್ಲಿ ಮಾಯವಾಯಿತು ಎಂದು ಬರೆದರೆ ಕವಿತೆಯಾದೀತು. ಹೆಣ್ಣು ಎಲ್ಲಿಂದ ತಂದಿರಿ ಎಂದು ಕೇಳಿ, ಎಲ್ಲವೂ ಹಾಜರು.

ಅದೇ ಮೊಗೇರರು ತಾಲೂಕು ಕಚೇರಿಗೆ ಹೋದರೆ ಪ್ರಶ್ನೆಯೇ ಬೇರೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಮೊಗೇರ ಎಂಬ ಹೆಸರಿದೆ. 1976ರ ತಿದ್ದುಪಡಿ ಪ್ರದೇಶದ ಮಿತಿಯನ್ನು ತೆಗೆದ ಮೇಲೆ ಇಲ್ಲಿಯ ಮೀನುಗಾರ ಮೊಗೇರರಿಗೂ ಪ್ರಮಾಣಪತ್ರ ಸಿಗತೊಡಗಿತು. ಪಟ್ಟಿಯಲ್ಲಿರುವ ದಕ್ಷಿಣ ಕನ್ನಡದ ಮೊಗೇರರು ಬೇರೆ, ಇವರು ಬೇರೆ ಎಂಬ ತಕರಾರು ಎದ್ದು ಪ್ರಮಾಣಪತ್ರ ಕೊಡುವುದು ನಿಂತಿತು. 2022ರಲ್ಲಿ ಭಟ್ಕಳದಲ್ಲಿ ಧರಣಿಯೂ ನಡೆಯಿತು. ಯಾರ ವಾದ ಸರಿ ಎಂಬ ತೀರ್ಪಿಗೆ ನಾನು ಹೋಗುವುದಿಲ್ಲ. ಆದರೆ ಕುಲಕಸುಬು, ದೇವರು, ಮದುವೆಯ ಶಾಸ್ತ್ರ ಹೀಗೆ ಪುಸ್ತಕದಲ್ಲಿ ಬರೀ ವಿವರವಾಗಿದ್ದದ್ದು ಕಚೇರಿಯಲ್ಲಿ ಸಾಕ್ಷ್ಯವಾಗುತ್ತದೆ. ಇದನ್ನು ಉಂಡು ಗೊತ್ತಿರುವವರು, ನೋಟ್‌ಬುಕ್ ಹಿಡಿದು ಬಂದವರಿಗೆ ಉತ್ತರ ಹೇಳುವ ಮುಂಚೆ ಆ ಉತ್ತರ ಎಲ್ಲಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಹಾಕಲೇಬೇಕು.

ಕಾಲ ಬದಲಾದರೂ ಪ್ರಶ್ನೆಯ ಅರ್ಥ ಬದಲಾಗುತ್ತದೆ. ಸಮಾಜಶಾಸ್ತ್ರಜ್ಞ ವಿಕ್ಟರ್ ಡಿಸೋಜ ಇಲ್ಲಿಯ ಮುಸ್ಲಿಂ ಸಮುದಾಯವಾದ ನವಾಯತರ ಬಗ್ಗೆ ಬರೆದ ಪುಸ್ತಕ 1955ರಲ್ಲಿ ಧಾರವಾಡದಿಂದ ಹೊರಬಂತು. ನಿಮ್ಮ ಹಿರಿಯರು ಎಲ್ಲಿಯವರು ಎಂದು ಆಗ ಕೇಳಿದರೆ ಅರಬ್ಬರ ವ್ಯಾಪಾರ, ಹಡಗು, ಬೀಗತನದ ಕಥೆ ಹೊರಡುತ್ತಿತ್ತು. ಊರಿನ ಹೆಸರು ಪೊಲೀಸ್ ಸುದ್ದಿಗೆ ಅಂಟಿಕೊಂಡ ಮೇಲೆ ಅದೇ ಮಾತು ವಿಚಾರಣೆಯಂತೆ ಕೇಳಿಸುತ್ತದೆ.

ಹಾಗಾದರೆ ಯಾವ ಉತ್ತರವನ್ನೂ ನಂಬುವಂತಿಲ್ಲವೇ ಎಂದು ಕೇಳುವವರಿದ್ದಾರೆ. ನಂಬಬಹುದು. ಹರಾಜಿನಲ್ಲಿ ಹೇಳಿದ್ದು, ಕಚೇರಿಯಲ್ಲಿ ಹೇಳಿದ್ದು, ಮದುವೆ ಮಾತುಕತೆಯಲ್ಲಿ ಹೇಳಿದ್ದು ಮೂರೂ ನಿಜವೇ. ಒಂದನ್ನು ಒಳಗಿನ ಸತ್ಯವೆಂದು ಆರಿಸಿ ಉಳಿದದ್ದನ್ನು ವೇಷ ಎನ್ನುವುದು ಸಂಶೋಧಕರ ಚಟ. ಮೂರನ್ನೂ ಅಕ್ಕಪಕ್ಕ ಇಟ್ಟು, ಯಾರ ಎದುರು ಏನು ಹೇಳಿದರು ಎಂದು ಬರೆದರೆ ಸಮಾಜ ಕಾಣತೊಡಗುತ್ತದೆ. ನಮ್ಮ ಪಿಎಚ್.ಡಿ. ಪ್ರಬಂಧಗಳಲ್ಲಿ ಉತ್ತರ ಕೊಟ್ಟವರ ವಯಸ್ಸು, ಜಾತಿ, ಆದಾಯಕ್ಕೆ ಕೋಷ್ಟಕಗಳಿವೆ. ಕೇಳಿದವರ ಜಾತಿ, ಧರ್ಮಕ್ಕೂ ಅಲ್ಲೊಂದು ಸಾಲು ಬೇಕು.