ಮಕ್ಕಳು ಕೇಳಿದಾಗ ಏನು ಹೇಳುವಿರಿ?



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಕಡೆ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ನಿಂತ ವೀರಗಲ್ಲುಗಳನ್ನು ನೀವು ನೋಡಿರಬಹುದು. ಅಂಥ ಕೆಲವು ಕಲ್ಲುಗಳು ವಸ್ತುಸಂಗ್ರಹಾಲಯ ಸೇರುತ್ತವೆ. ಅಲ್ಲಿ ನಾವು ಚೀಟಿಯಲ್ಲಿರುವ ಕಾಲ, ಸ್ಥಳಗಳನ್ನು ಓದಿ ಮುಂದೆ ನಡೆಯುತ್ತೇವೆ.

1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲೊಂದಿದೆ. ಕಾಲ ಕ್ರಿ.ಶ. 949-50. ಗಂಗ ದೊರೆ ಇಮ್ಮಡಿ ಬೂತುಗನ ಸೇವಕ ಮಣಲೆರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ. ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಹೊನ್ನನ್ನಲ್ಲ, 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಪೂಜಾರಿ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೇ ಎಂದೂ ಬರೆಸಿದರು.

ಹಾಗಾದರೆ ಇದು ಬರಿಯ ಶಿಲ್ಪವೇ? ಅಲ್ಲ. ಇದು ಒಬ್ಬ ಮನುಷ್ಯನ ಕೃತಜ್ಞತೆ. ದಿನವೂ ಊಟಕ್ಕೆ ಮುಂಚೆ ನೆನೆಯಬೇಕಾದ ಹೊಣೆ. ಕಲ್ಲು ಇಂದು ಸುರಕ್ಷಿತವಾಗಿದೆ, ಹೊಣೆ ಮಾತ್ರ ಹಿಂದೆ ಉಳಿಯಿತು.

'ಅನ್ಯರ ಪೂಜೆಯ ವಸ್ತು, ನಮಗೇನು?' ಎನ್ನಬೇಡಿ. ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರತೆಯನ್ನೂ ತಿರಸ್ಕರಿಸಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಮಗೆ ಕಲಿಸಿದೆ. ನಾಳೆ ನಮ್ಮ ದೇವಾಲಯದ ಬಲಿಪಾತ್ರೆ ಗಾಜಿನ ಪೆಟ್ಟಿಗೆ ಸೇರಿ, 'ಬೆಳ್ಳಿಯ ಬಟ್ಟಲು' ಎಂಬ ಚೀಟಿ ಪಡೆದರೆ ನಮ್ಮ ಮನಸ್ಸು ನೋಯುವುದಿಲ್ಲವೇ?

ಯೆಹೋಶುವನ ಗ್ರಂಥದ ನಾಲ್ಕನೆಯ ಅಧ್ಯಾಯ ತೆರೆಯಿರಿ. ಜೋರ್ಡನ್ ನದಿ ದಾಟಿದ ಇಸ್ರಯೇಲರು ಅಲ್ಲಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತಂದರು. ಯೆಹೋಶುವನು ಅವನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಮುಂದೆ ಮಕ್ಕಳು ಕೇಳಿದಾಗ, ಸರ್ವೇಶ್ವರ ನದಿಯನ್ನು ಬತ್ತಿಸಿ ತಮ್ಮನ್ನು ದಾಟಿಸಿದ ಸಂಗತಿಯನ್ನು ಹಿರಿಯರು ಹೇಳಬೇಕಿತ್ತು. ಕಲ್ಲು ತಾನಾಗಿ ಮಾತಾಡದು. ಹೇಳುವ ತಂದೆತಾಯಿ ಬೇಕು.

ನಿಮ್ಮ ಮನೆಯಲ್ಲಿ ಅಜ್ಜಿಯ ಜಪಸರವಿದೆಯೇ? ಯಾರ ಕಾಯಿಲೆಯ ಹೊತ್ತು, ಯಾವ ಕಷ್ಟದ ರಾತ್ರಿ ಅದು ಅವರ ಕೈಯಲ್ಲಿತ್ತು? ನೀವು ಹೇಳದಿದ್ದರೆ ನಿಮ್ಮ ಮಗುವಿಗೆ ಅದು ಬರಿಯ ಹಳೆಯ ಮಣಿಸರ. ಈ ಭಾನುವಾರ ಸಂಜೆ, ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಅದನ್ನು ಪೆಟ್ಟಿಗೆಯಿಂದ ಹೊರತೆಗೆಯಿರಿ. ಕಥೆ ಹೇಳಿ. ಬಳಿಕ ಮಗುವಿನ ಕೈಗೆ ಕೊಟ್ಟು, ಅದೇ ಸರದಲ್ಲಿ ಹತ್ತು ಮಣಿ ಜಪ ಮಾಡಿಸಿ. ನೆನಪಿನೊಂದಿಗೆ ಹೊಣೆಯೂ ಅದರ ಕೈ ಸೇರಲಿ.